ಹೆಪಟೈಟಿಸ್ ಬಿ: ಪೂರ್ತಿ ವಾಸಿ ಆಗೋದು ಯಾವಾಗ? ತಜ್ಞರ ಸಣ್ಣ ಸಭೆಗಳಲ್ಲಿ ತೀರ್ಮಾನವಾಗುವುದೇನು?

ಭಟ್ಕಳ / ಹೊನ್ನಾವರ / ಕುಮಟಾ: ಹೆಪಟೈಟಿಸ್ ಬಿ ಇದೆ ಅಂತ ಸಾಮಾನ್ಯವಾಗಿ ಗೊತ್ತಾಗುವುದು ಬೇರೆ ಕಾರಣಕ್ಕೆ ರಕ್ತ ಕೊಟ್ಟಾಗ. ಗಲ್ಫ್ ವೀಸಾದ ಮೆಡಿಕಲ್, ಗರ್ಭಿಣಿಯರ ತಪಾಸಣೆ, ಆಪರೇಷನ್, ರಕ್ತದಾನ. ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದರೆ ಗಲ್ಫ್ ಮೆಡಿಕಲ್‌ನಲ್ಲಿ 'ಅನ್‌ಫಿಟ್' ಆಗುವುದುಂಟು. ಆಗ ಮನೆಯವರೆಲ್ಲ ಕೇಳುವ ಪ್ರಶ್ನೆ ಒಂದೇ: ಇದು ಪೂರ್ತಿ ಹೋಗ್ತದಾ?

ಈಗಿನ ಔಷಧ ಏನು ಮಾಡುತ್ತದೆ?
ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳು ವೈರಸ್ ಹೆಚ್ಚದಂತೆ ತಡೆಯುತ್ತವೆ. ಸಿರೋಸಿಸ್, ಲಿವರ್ ಕ್ಯಾನ್ಸರ್ ಅಪಾಯ ಕಡಿಮೆಯಾಗುತ್ತದೆ. ಆದರೆ ಲಿವರ್‌ನ ಜೀವಕೋಶದೊಳಗೆ ವೈರಸ್‌ನ ಬೀಜ ಉಳಿದೇ ಇರುತ್ತದೆ. ಹಾಗಾಗಿ ಹೆಚ್ಚಿನವರು ವರ್ಷಗಟ್ಟಲೆ ಮಾತ್ರೆ ತಗೊಳ್ಳಬೇಕಾಗುತ್ತದೆ.

ಸಭೆಗಳು ಯಾಕೆ?
ಹೊಸ ಔಷಧ ಪರೀಕ್ಷಿಸುವ ಮೊದಲು 'ವಾಸಿ' ಅಂದರೆ ಏನು ಅಂತ ಎಲ್ಲರೂ ಒಪ್ಪಬೇಕು. ಅದಕ್ಕಾಗಿ ಅಮೆರಿಕ ಮತ್ತು ಯುರೋಪಿನ ಲಿವರ್ ತಜ್ಞರ ಸಂಘಗಳು 2016ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ, 2019ರಲ್ಲಿ ಲಂಡನ್‌ನಲ್ಲಿ ಸೇರಿದವು. ಚಿಕಿತ್ಸೆ ನಿಲ್ಲಿಸಿ 6 ತಿಂಗಳಾದ ಮೇಲೂ ರಕ್ತದಲ್ಲಿ ಎಚ್‌ಬಿಎಸ್‌ಎಜಿ ಇರಬಾರದು, ವೈರಸ್‌ನ ಡಿಎನ್‌ಎ ಸಿಗಬಾರದು. ಈ ಸ್ಥಿತಿಗೆ 'ಫಂಕ್ಷನಲ್ ಕ್ಯೂರ್' ಎಂದು ಹೆಸರು. ಹೊಸ ಔಷಧಗಳನ್ನು ಈಗ ಅಳೆಯುವುದು ಇದೇ ಅಳತೆಗೋಲಿನಿಂದ.

ನೆಲನೆಲ್ಲಿಯ ಕಥೆ
ಕಾಮಾಲೆಗೆ ನೆಲನೆಲ್ಲಿ, ಅಂದರೆ ಕಿರುನೆಲ್ಲಿ, ಕೊಡುವುದು ನಮ್ಮ ಕಡೆ ಹೊಸದಲ್ಲ. ಮದ್ರಾಸಿನ ಸಂಶೋಧಕರು 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದರ ಪ್ರಯೋಗ ಪ್ರಕಟಿಸಿದ್ದರು. ಸೊಪ್ಪಿನ ಪುಡಿ ತಗೊಂಡ 37 ಜನರಲ್ಲಿ 22 ಮಂದಿಗೆ, ಬರೀ ತೋರಿಕೆಯ ಮಾತ್ರೆ ತಗೊಂಡ 23ರಲ್ಲಿ ಒಬ್ಬರಿಗೆ ಎಚ್‌ಬಿಎಸ್‌ಎಜಿ ಹೋಗಿತ್ತು. ಈ ವೈರಸ್‌ನ ಪತ್ತೆಗೆ ದಾರಿ ಮಾಡಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರೂ ಲೇಖಕರಲ್ಲಿ ಒಬ್ಬರು. ಆದರೆ ಮುಂದೆ ಬೇರೆ ದೇಶಗಳ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. ಹೆಪಟೈಟಿಸ್ ಎ ಯಿಂದ ಬಂದ ಕಾಮಾಲೆ ಹೆಚ್ಚಾಗಿ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಮದ್ದಿಗೆ ಬರುತ್ತದೆ. ಬಿ ಇದ್ದವರು ನೆಲನೆಲ್ಲಿ ನಂಬಿ ಮಾತ್ರೆ ಬಿಟ್ಟರೆ ಅಪಾಯ.

ಈಗ ಮಾಡಬೇಕಾದ್ದು
* ಪಾಸಿಟಿವ್ ಬಂದವರೆಲ್ಲರಿಗೂ ಕೂಡಲೇ ಮಾತ್ರೆ ಬೇಕಾಗುವುದಿಲ್ಲ. ಲಿವರ್ ಪರೀಕ್ಷೆ, ವೈರಸ್ ಪ್ರಮಾಣ ನೋಡಿ ವೈದ್ಯರು ಹೇಳುತ್ತಾರೆ.
* 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧ ಉಚಿತ. ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.
* ಮನೆಯವರೂ ಪರೀಕ್ಷೆ ಮಾಡಿಸಿಕೊಳ್ಳಿ. ನೆಗೆಟಿವ್ ಇದ್ದು ರಕ್ಷಣೆ ಇಲ್ಲದವರು ಲಸಿಕೆ ಹಾಕಿಸಿಕೊಳ್ಳಿ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಬೀಳಬೇಕು.
* ಸೆಲೂನಿನವರು ಪ್ರತಿ ಗಿರಾಕಿಗೂ ಹೊಸ ಬ್ಲೇಡ್ ಹಾಕಬೇಕು. ಕಿವಿ ಚುಚ್ಚುವವರು, ಟ್ಯಾಟೂ ಹಾಕುವವರು ಹೊಸ ಸೂಜಿ ಬಳಸಬೇಕು. ಈ ವೈರಸ್ ದೇಹದ ಹೊರಗೂ ಕನಿಷ್ಠ 7 ದಿನ ಬದುಕುತ್ತದೆ.
* ಒಟ್ಟಿಗೆ ಊಟ ಮಾಡಿದರೆ, ಕೈಕುಲುಕಿದರೆ ಇದು ಹರಡುವುದಿಲ್ಲ. ಪಾಸಿಟಿವ್ ಅಂತ ಯಾರನ್ನೂ ಕೆಲಸದಿಂದ, ಪಂಕ್ತಿಯಿಂದ ದೂರ ಇಡಬೇಡಿ.

ಪೂರ್ತಿ ವಾಸಿ ಮಾಡುವ ಔಷಧದ ಹುಡುಕಾಟ ನಡೆದಿದೆ. ಅಲ್ಲಿಯವರೆಗೆ ಲಿವರ್ ಉಳಿಸುವುದು ಕೈಯಲ್ಲಿರುವ ಮಾತ್ರೆಯೇ. ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬೇಡಿ.