ಭಾಲ್ಕಿ ಹಿರೇಮಠ: ಮಠದೊಳಗೆ ಬೆಳೆದ ಶಾಲೆ

ಬೀದರ್ ಜಿಲ್ಲೆಯ ಭಾಲ್ಕಿ ಪಟ್ಟಣದ ಲಿಂಗಾಯತ ಮಠ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆಯಾಗಿ, ಬಡಮಕ್ಕಳ ಪ್ರಸಾದ ನಿಲಯವಾಗಿ ಊರಿಗೆ ಒದಗಿಬಂದದ್ದರಿಂದ ಇದರ ಹೆಸರು ಉಳಿದಿದೆ.

ಯುರೋಪಿನಲ್ಲಿ ಪ್ರಾರ್ಥನಾ ಮಂದಿರಗಳು ಬೇರೆ ಕೆಲಸಕ್ಕೆ ತಿರುಗಿದ್ದು ಸಾಮಾನ್ಯವಾಗಿ ಭಕ್ತರು ಬರುವುದು ಕಡಿಮೆಯಾದ ಮೇಲೆ. 1960ರ ದಶಕದಲ್ಲಿ ವೆರ್ನರ್ ಡ್ಯೂಟ್‌ಮನ್ ಕಟ್ಟಿದ ಬರ್ಲಿನ್ನಿನ ಸೇಂಟ್ ಆಗ್ನೆಸ್ ಚರ್ಚು ಇಂದು ಕಲಾ ಗ್ಯಾಲರಿ. ಭಾಲ್ಕಿಯಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ಇಲ್ಲಿ ಪೂಜೆ ನಿಲ್ಲಲಿಲ್ಲ. ಅದರ ಪಕ್ಕದಲ್ಲೇ ಪಾಟಿ ಬಳಪ ಬಂದು ಕೂತವು.

ಇದಕ್ಕೆ ಕಾರಣ ಆಡಳಿತದ ಭಾಷೆ. ಹೈದರಾಬಾದ್ ಸಂಸ್ಥಾನದಲ್ಲಿ ಕಚೇರಿಯ ವ್ಯವಹಾರ ಉರ್ದುವಿನಲ್ಲಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದ್ದೇ. ಕನ್ನಡ ಕಲಿಯಬೇಕೆಂದ ಹಳ್ಳಿಯ ಹುಡುಗನಿಗೆ ಸರ್ಕಾರಿ ಶಾಲೆಯಲ್ಲಿ ದಾರಿ ಕಿರಿದಾಗಿತ್ತು. 1924ರಲ್ಲಿ ಪೀಠಕ್ಕೆ ಬಂದ ಚನ್ನಬಸವ ಪಟ್ಟದ್ದೇವರು (1890–1999) ಆ ದಾರಿಯನ್ನು ಮಠದೊಳಗೇ ತೆರೆದರು. ಅವರ ಹುಟ್ಟೂರು ಕಮಲನಗರ, ಅಂದಿನ ಔರಾದ್ ತಾಲ್ಲೂಕಿನದು. ಮರಾಠಿ ಸೀಮೆಗೆ ಅಂಟಿಕೊಂಡ ಊರು. ಉರ್ದು, ಮರಾಠಿಗಳ ನಡುವೆ ಕನ್ನಡದ ಪಾಡೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

‘ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ’ ಎಂಬ ಮಾತು ಈ ಭಾಗದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಅಧಿಕಾರಿಗಳ ಕಣ್ಣಿಗೆ ಉರ್ದು ಶಾಲೆ, ಮಕ್ಕಳ ಬಾಯಲ್ಲಿ ಕನ್ನಡ. ಇದನ್ನು ಬರೀ ಜಾಣತನವೆಂದು ಮೆಚ್ಚಿ ಮುಂದೆ ಹೋಗುವುದು ಸರಿಯಲ್ಲ. ದೂರದ ಹಳ್ಳಿಯ ಮಗು ದಿನವೂ ಕಲಿಯಬೇಕಾದರೆ ಅನ್ನವೂ ಇರುಳಿನ ಆಸರೆಯೂ ಬೇಕು. ಮಠದಲ್ಲಿ ದಾಸೋಹದ ಒಲೆ ಮೊದಲೇ ಉರಿಯುತ್ತಿತ್ತು. ಕಟ್ಟಡಕ್ಕಿಂತ ಆ ಒಲೆಯೇ ಶಾಲೆಯನ್ನು ಉಳಿಸಿತೆನ್ನಬೇಕು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು, 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಬಂತು. ಬೋರ್ಡಿನ ಮರೆ ಅನಗತ್ಯವಾಯಿತು. ಮಠದಲ್ಲಿ ಆರಂಭವಾದ ಕೆಲಸವನ್ನು ಪಟ್ಟದ್ದೇವರೇ ಸ್ಥಾಪಿಸಿದ್ದ ಶಾಂತಿವರ್ಧಕ ಶಿಕ್ಷಣ ಸಂಸ್ಥೆ ಶಾಲೆ, ಕಾಲೇಜುಗಳಾಗಿ ಬೆಳೆಸಿತು. ಬಸವಕಲ್ಯಾಣದ ಅನುಭವ ಮಂಟಪ ಎದ್ದದ್ದೂ ಅವರ ಮುಂದಾಳತ್ವದಲ್ಲಿ.

ಬೀದರ್ ನಗರದಲ್ಲಿ ಇಂಥದೇ ಇನ್ನೊಂದು ನಿದರ್ಶನ ನಾನಕ್ ಝೀರಾ ಗುರುದ್ವಾರ. ಅಲ್ಲಿ ಲಂಗರಿನ ಜೊತೆಗೆ ಶಿಕ್ಷಣವೂ ಬೆಳೆಯಿತು. ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು 1980ರಲ್ಲಿ ಆರಂಭವಾಯಿತು. ಅದೇ ನಗರದ ಜಿಲ್ಲಾ ರಂಗಮಂದಿರಕ್ಕೆ ಚನ್ನಬಸವ ಪಟ್ಟದ್ದೇವರ ಹೆಸರಿದೆ. ಭಾಲ್ಕಿಯಲ್ಲಿ ಅವರ ಉತ್ತರಾಧಿಕಾರಿ ಬಸವಲಿಂಗ ಪಟ್ಟದ್ದೇವರ ಕಾಲದಲ್ಲಿ ಮಠ ಅನಾಥ ಮಕ್ಕಳನ್ನೂ ಸಾಕಿ ಓದಿಸುತ್ತ ಬಂದಿದೆ.