ಎರಡು ಸೆಲ್ಲಿನ ಟಾರ್ಚು: ಬಾಳಿಕೆಯ ಬಗ್ಗೆ ಒಂದು ಟಿಪ್ಪಣಿ

ಟಾರ್ಚು ಕೇಳಿದರೆ ಅಂಗಡಿಯವರು ಮೊದಲು ತೋರಿಸುವುದು ಬೆಳಕನ್ನು. ಹೊಸ ಸೆಲ್ಲು ಹಾಕಿ, ಎದುರಿನ ಗೋಡೆಗೆ ಬಿಟ್ಟು, 'ಪವರ್ ನೋಡಿ ಸಾರ್' ಎನ್ನುತ್ತಾರೆ. ಈ ಪರೀಕ್ಷೆಯಲ್ಲಿ ನಪಾಸಾಗುವ ಟಾರ್ಚು ಇಲ್ಲವೆಂದೇ ಹೇಳಬೇಕು. ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಬೇರೆ: ಐದಾರು ಮಳೆಗಾಲ ಕಂಡ ಮೇಲೂ, ತಿಂಗಳುಗಟ್ಟಲೆ ಕಿಟಕಿಯ ಮೇಲೆ ಬಿದ್ದಿದ್ದು ಕರೆಂಟು ಹೋದ ರಾತ್ರಿ ಕೈಗೆ ಸಿಕ್ಕಾಗಲೂ, ತಡವರಿಸದೆ ಹತ್ತುವ ಟಾರ್ಚು ಯಾವುದು? ಉತ್ತರವನ್ನು ಲ್ಯೂಮೆನ್ನಿನ ಅಂಕಿಯಲ್ಲಿ ಹುಡುಕಿ ಪ್ರಯೋಜನವಿಲ್ಲ ಎಂಬುದು ನನ್ನ ವಾದ. ಟಾರ್ಚು ಯಾವ ಸೆಲ್ಲನ್ನು ಬೇಡುತ್ತದೆ, ಆ ಸೆಲ್ಲಿನಿಂದ ಬಲ್ಬಿಗೆ ಹೋಗಿ ಮರಳುವಷ್ಟರಲ್ಲಿ ವಿದ್ಯುತ್ತು ಎಷ್ಟು ಕಡೆ ಒಂದು ಲೋಹದಿಂದ ಇನ್ನೊಂದಕ್ಕೆ ದಾಟಬೇಕು, ಇವೆರಡೇ ಬಾಳಿಕೆಯನ್ನು ತೀರ್ಮಾನಿಸುವ ಸಂಗತಿಗಳು.

ಮೊಬೈಲಿನಲ್ಲೇ ಲೈಟಿರುವಾಗ ಈ ವಿಚಾರಣೆ ಯಾಕೆ ಎನ್ನುವವರು ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟಿಗಾಗಿ ಗದ್ದೆಯ ಬದುವಿನ ಮೇಲೆ ನಡೆದು ಪಂಪ್‌ಸೆಟ್ ಹಾಕಿ ಬರುವವರನ್ನು ಕೇಳಬೇಕು. 2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರ ಸಂಖ್ಯೆ ಸುಮಾರು 12 ಲಕ್ಷ ಎಂದು 'ಮಿಲಿಯನ್ ಡೆತ್ ಸ್ಟಡಿ' ಆಧಾರಿತ ಅಧ್ಯಯನವೊಂದು 2020ರಲ್ಲಿ ಅಂದಾಜು ಮಾಡಿತು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಗರು. ಸಾವುಗಳಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಆದವು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕೊಳಕುಮಂಡಲ ಬಿದ್ದಿರುವ ದಾರಿಯಲ್ಲಿ, ಮಳೆಯಲ್ಲಿ ನೆನೆದ ಕೈಯಲ್ಲಿ ಮೊಬೈಲು ಹಿಡಿದು ನಡೆಯುವುದು ಜಾಣತನವಲ್ಲ.

ವಸ್ತುವಿನ ಚರಿತ್ರೆ ಚಿಕ್ಕದು. ಅಮೆರಿಕದ ನ್ಯಾಷನಲ್ ಕಾರ್ಬನ್ ಕಂಪನಿ 1898ರಲ್ಲಿ ತಂದ ದಪ್ಪ ಒಣಸೆಲ್ಲೇ ಇಂದಿನ 'ಡಿ' ಅಳತೆಯ ಮೂಲ. ಡೇವಿಡ್ ಮಿಸೆಲ್ ಎಂಬ ಸಂಶೋಧಕನಿಗೆ ಕೊಳವೆಯಾಕಾರದ ವಿದ್ಯುತ್ ದೀಪದ ಪೇಟೆಂಟು ಸಿಕ್ಕಿದ್ದು 1899ರ ಜನವರಿಯಲ್ಲಿ; ಅದನ್ನು ಮಾರುಕಟ್ಟೆಗೆ ಇಳಿಸಿದವನು ಕಾನ್ರಾಡ್ ಹ್ಯೂಬರ್ಟ್. ಸಾಲಾಗಿ ಕೂತ ಸೆಲ್ಲು, ಒಂದು ತುದಿಗೆ ಬಲ್ಬು, ಸುತ್ತ ಪ್ರತಿಫಲಕ: ಒಂದೇಕಾಲು ಶತಮಾನವಾದರೂ ಈ ವಿನ್ಯಾಸ ಮೂಲದಲ್ಲಿ ಬದಲಾಗಿಲ್ಲ. ನಮ್ಮಲ್ಲಿ ಎವರೆಡಿ ಕಂಪನಿ 1934ರಲ್ಲಿ ನೋಂದಣಿಯಾಗಿ, 1939ರಲ್ಲಿ ಕಲ್ಕತ್ತೆಯಲ್ಲಿ ಸೆಲ್ಲಿನ ಕಾರ್ಖಾನೆ ತೆರೆಯಿತು. ಟಾರ್ಚು ತಯಾರಿಕೆಗೆ ಲಕ್ನೋದಲ್ಲಿ ಬೇರೆ ಕಾರ್ಖಾನೆ ಬಂತು. ಈ ಕಂಪನಿಯೇ ಮುಂದೆ ಯೂನಿಯನ್ ಕಾರ್ಬೈಡ್ ಇಂಡಿಯಾ ಆಯಿತು. ಭೋಪಾಲಿನ ವಿಷಾನಿಲದ ಹೆಸರೂ ಹಳ್ಳಿಮನೆಯ ಕೆಂಪು ಸೆಲ್ಲಿನ ಹೆಸರೂ ಒಂದೇ ಕಡತದಲ್ಲಿ ಇರುವುದು ಹಾಗೆ.

ಇನ್ನು ಸೆಲ್ಲಿನ ವಿಷಯ. ಊರಿನ ಕಿರಾಣಿ ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಅಳತೆ: ದೊಡ್ಡ ಸೆಲ್ಲು, ಪೆನ್ಸಿಲ್ ಸೆಲ್ಲು, ರಿಮೋಟಿನ ಸಣ್ಣ ಸೆಲ್ಲು. ಕ್ರಮವಾಗಿ ಇವು ಡಿ, ಡಬಲ್ ಎ, ಟ್ರಿಪಲ್ ಎ. ಸೆಲ್ಲಿನ ಮೈಮೇಲೆ ಆರ್20, ಆರ್6, ಆರ್03 ಎಂದು ಅಚ್ಚಾಗಿರುತ್ತದೆ. 'ಆರ್'ಗೆ ಮೊದಲು 'ಎಲ್' ಸೇರಿದ್ದರೆ ಅದು ಆಲ್ಕಲೈನ್, ಇಲ್ಲದಿದ್ದರೆ ಸಾದಾ ಸೆಲ್ಲು. ಮೂರರ ವೋಲ್ಟೇಜೂ ಒಂದೇ, 1.5. ಅಂದಮೇಲೆ ಡಿ ಸೆಲ್ಲಿನ ಟಾರ್ಚಿಗೆ ಒಂದು ಅನುಕೂಲವಿದೆ: ದೊಡ್ಡ ಸೆಲ್ಲು ಸಿಗದ ದಿನ ಪೆನ್ಸಿಲ್ ಸೆಲ್ಲನ್ನೇ ಅದರೊಳಗೆ ಕೂರಿಸಬಹುದು. ಡಿ ಸೆಲ್ಲಿನ ಉದ್ದ 61.5 ಮಿ.ಮೀ., ಡಬಲ್ ಎ 50.5. ಹನ್ನೊಂದು ಮಿಲಿಮೀಟರಿನ ಆ ಸಂದನ್ನು ತುಂಬಲು ಪ್ಲಾಸ್ಟಿಕ್ಕಿನ ಅಡಾಪ್ಟರ್ ಸಿಗುತ್ತದೆ. ಸಿಗದಿದ್ದರೆ ಸುತ್ತ ಕಾಗದ ಸುತ್ತಿ, ತಳಕ್ಕೆ ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ಮಡಚಿ ಇಡುವ ಉಪಾಯ ನಮ್ಮ ಜನರಿಗೆ ಯಾರೂ ಕಲಿಸಬೇಕಿಲ್ಲ. ಪೆನ್ಸಿಲ್ ಸೆಲ್ಲಿನ ಟಾರ್ಚಿನಲ್ಲಿ ದೊಡ್ಡ ಸೆಲ್ಲು ಕೂರುವುದಿಲ್ಲ. ಒಂದು ಎಚ್ಚರಿಕೆಯನ್ನೂ ಹೇಳಬೇಕು. 14500 ಎಂಬ ಹೆಸರಿನ ಲಿಥಿಯಂ ಸೆಲ್ಲು ನೋಡಲು ಪೆನ್ಸಿಲ್ ಸೆಲ್ಲಿನಂತೆಯೇ ಇದ್ದರೂ ವೋಲ್ಟೇಜು 3.7. ಗೊತ್ತಿಲ್ಲದೆ ಹಾಕಿದರೆ ಸಾದಾ ಟಾರ್ಚು ಸುಟ್ಟುಹೋಗಬಹುದು.

ಒಳಗೇ ಬ್ಯಾಟರಿ ಕೂತಿರುವ ಚಾರ್ಜಿನ ಟಾರ್ಚುಗಳನ್ನು ಈ ಟಿಪ್ಪಣಿಯಿಂದ ಹೊರಗಿಟ್ಟಿದ್ದೇನೆ. ಅವು ಚೆನ್ನಾಗಿ ಬೆಳಗುತ್ತವೆ, ಆದರೆ ಒಳಗಿನ ಬ್ಯಾಟರಿಯ ಆಯುಷ್ಯವೇ ಟಾರ್ಚಿನ ಆಯುಷ್ಯ. ಅದು ಮುಗಿದ ದಿನ ಅಂಗಡಿಯಲ್ಲಿ ಬದಲಿ ಕೇಳಿದರೆ, ಹೊಸ ಟಾರ್ಚನ್ನೇ ಕೊಡುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಟಾರ್ಚು ಕೆಟ್ಟಾಗ ರಿಪೇರಿಯವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: 'ಕಾಂಟ್ಯಾಕ್ಟ್ ಸಿಗ್ತಿಲ್ಲ.' ಕೈಯಲ್ಲಿ ಎರಡು ಸಲ ಬಡಿದರೆ ಹತ್ತಿಕೊಳ್ಳುವ ಟಾರ್ಚಿನಲ್ಲಿ ಬಲ್ಬೂ ಸರಿಯಿದೆ, ಸೆಲ್ಲೂ ಸರಿಯಿದೆ. ನಡುವೆ ಎಲ್ಲೋ ಲೋಹ ಲೋಹವನ್ನು ಸರಿಯಾಗಿ ಮುಟ್ಟುತ್ತಿಲ್ಲ. ಆದ್ದರಿಂದ ಎಣಿಸಿ ನೋಡುವುದು ಒಳ್ಳೆಯದು. ಕೊಳವೆಯಲ್ಲಿ ಸಾಲಾಗಿ ಕೂತ ಎರಡು ಸೆಲ್ಲಿನಲ್ಲಿ ಮುಟ್ಟುವ ಜಾಗ ಮೂರು: ಮುಂದಿನ ಸೆಲ್ಲಿನ ಮೂಗು ಬಲ್ಬಿಗೆ, ಹಿಂದಿನದರ ಮೂಗು ಮುಂದಿನದರ ತಳಕ್ಕೆ, ಹಿಂದಿನದರ ತಳ ಸ್ಪ್ರಿಂಗಿಗೆ. ಒಂದೇ ಸೆಲ್ಲಾದರೆ ಎರಡು. ಈಗ ಅಗ್ಗದ ಎಲ್‌ಇಡಿ ಟಾರ್ಚುಗಳಲ್ಲಿ ಬರುವ ಪ್ಲಾಸ್ಟಿಕ್ ತೊಟ್ಟಿಲನ್ನು ನೋಡಿ. ಮೂರು ಟ್ರಿಪಲ್ ಎ ಸೆಲ್ಲು ಅಕ್ಕಪಕ್ಕ ಕೂತಿರುತ್ತವೆ. ಒಂದೊಂದಕ್ಕೆ ಎರಡರಂತೆ ಆರು, ತೊಟ್ಟಿಲಿನಿಂದ ಟಾರ್ಚಿನ ಮೈಗೆ ಮತ್ತೆರಡು, ಒಟ್ಟು ಎಂಟು. ಅದರ ತಗಡೋ ಉಗುರಿನಷ್ಟು ತೆಳು. ಸೆಲ್ಲು ಹಾಕಿ ತೆಗೆದು ಮಾಡಿದಂತೆಲ್ಲ ಬಾಗಿ ಸಡಿಲವಾಗುತ್ತದೆ. ಸ್ವಿಚ್ಚು ಮತ್ತು ಮುಚ್ಚಳದ ಮರೆಯನ್ನು ಎಲ್ಲದಕ್ಕೂ ಸಮಾನವಾಗಿ ಸೇರಿಸಿಕೊಳ್ಳಬೇಕು. ಕೆಡಬಹುದಾದ ಜಾಗ ಎಂಟಿರುವ ವಸ್ತು ಮೂರಿರುವುದಕ್ಕಿಂತ ಬೇಗ ಕೆಡುತ್ತದೆ ಎನ್ನಲು ಪ್ರಯೋಗಾಲಯ ಬೇಕಿಲ್ಲ.

ಕಾಂಟ್ಯಾಕ್ಟ್ ಪೂರ್ತಿ ತಪ್ಪುವ ಮೊದಲು ಅರೆಬರೆ ತಪ್ಪುತ್ತದೆ, ಆಗಿನ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಪಿಆರ್2 ಬಲ್ಬು 2.38 ವೋಲ್ಟಿಗೆ ಅರ್ಧ ಆಂಪಿಯರ್ ಎಳೆಯುತ್ತದೆ. ಕಿಲುಬು ಹಿಡಿದ ಸ್ವಿಚ್ಚಿನಲ್ಲಿ ಅರ್ಧ ಓಮ್ ರೋಧ ಸೇರಿತೆನ್ನಿ: ಸುಮಾರು ಕಾಲು ವೋಲ್ಟು ಅಲ್ಲೇ ಖರ್ಚು, ಹತ್ತರಲ್ಲಿ ಒಂದು ಪಾಲು. ತಂತಿ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು ಮೂರೂವರೆ ಘಾತದಂತೆ ಇಳಿಯುವುದರಿಂದ ಬೆಳಕಿನಲ್ಲಿ ಆಗುವ ನಷ್ಟ ಮಾತ್ರ ಶೇ. 30ರ ಆಸುಪಾಸು. ಮನೆಯವರು ಸೆಲ್ಲು ಮುಗಿಯಿತೆಂದು ಎಸೆಯುತ್ತಾರೆ. ಎಲ್‌ಇಡಿ ಬಂದ ಮೇಲೆ ಈ ಕಾಟ ತಪ್ಪಿತೇ? ಒಂದೇ ಪೆನ್ಸಿಲ್ ಸೆಲ್ಲಿನಲ್ಲಿ ನೂರು ಲ್ಯೂಮೆನ್ ಕೊಡುವ ಆಧುನಿಕ ಟಾರ್ಚು ಸೆಲ್ಲಿನಿಂದ ಸುಮಾರು ಒಂದು ಆಂಪಿಯರ್ ಎಳೆಯುತ್ತದೆ. ಅಲ್ಲಿ 0.2 ಓಮ್ ಸೇರಿದರೆ 1.2 ವೋಲ್ಟಿನಲ್ಲಿ 0.2 ಹೋಯಿತು, ಆರರಲ್ಲಿ ಒಂದು ಪಾಲು. ಹೊಸ ಟಾರ್ಚಿಗೆ ಸ್ಪ್ರಿಂಗಿನ ಗುಣಮಟ್ಟ ಹಳೆಯದಕ್ಕಿಂತ ಹೆಚ್ಚು ಮುಖ್ಯ.

ಕಾಂಟ್ಯಾಕ್ಟನ್ನು ಕೆಡಿಸುವವರಲ್ಲಿ ಮೊದಲಿಗ ಸೆಲ್ಲೇ. ಸಾದಾ ಸೆಲ್ಲಿನ ಸತುವಿನ ಡಬ್ಬಿ ಬರೀ ಡಬ್ಬಿಯಲ್ಲ, ವಿದ್ಯುತ್ತು ಹುಟ್ಟಿಸುತ್ತ ತಾನೇ ಕರಗುವ ಭಾಗ. ಟಾರ್ಚನ್ನು ಮಂಕು ಬೆಳಕಿನವರೆಗೂ ಉರಿಸಿ ಹಾಗೇ ಬಿಟ್ಟರೆ ಡಬ್ಬಿ ತೂತಾಗಿ ಒಳಗಿನ ಕ್ಲೋರೈಡು ಲವಣದ ಲೋಳೆ ಹೊರಬರುತ್ತದೆ. ಹಿತ್ತಾಳೆಯ ಕೊಳವೆಯ ಒಳಮೈಯಲ್ಲಿ ಹಸಿರು ಕಿಲುಬು, ಸ್ಪ್ರಿಂಗಿನ ಮೇಲೆ ತುಕ್ಕು, ಕೊಳವೆಗೆ ಅಂಟಿಕೊಂಡು ಎಷ್ಟು ಕುಟ್ಟಿದರೂ ಜಾರದ ಸೆಲ್ಲು: ಅಟ್ಟದ ಮೇಲಿನ ಹಳೆಯ ಟಾರ್ಚು ಬಿಚ್ಚಿದವರೆಲ್ಲ ಇದನ್ನು ಕಂಡಿರುತ್ತಾರೆ. ಆಲ್ಕಲೈನ್ ಸೆಲ್ಲಿನ ಡಬ್ಬಿ ಉಕ್ಕಿನದು, ಕರಗುವುದಿಲ್ಲ. ಆದರೆ ಒಳಗೆ ಅನಿಲ ತುಂಬಿದಾಗ ಬಾಯಿಯ ಬಿರಡೆಯ ಕಡೆಯಿಂದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಸರಿ, ಗಾಳಿ ತಾಗಿ ಬಿಳಿ ಹರಳಾಗುತ್ತದೆ. ತೊಳೆಯುವ ಕ್ರಮ ಎರಡಕ್ಕೂ ಬೇರೆ. ಆಲ್ಕಲೈನ್ ಬಿಳಿಗೆ ಬಟ್ಟೆಯ ತುದಿಯಲ್ಲಿ ನಿಂಬೆರಸವೋ ವಿನೆಗರೋ ಸಾಕು. ಸಾದಾ ಸೆಲ್ಲಿನ ಲೋಳೆ ಆಮ್ಲೀಯ, ಅದಕ್ಕೆ ಅಡುಗೆ ಸೋಡಾ ಕಲಸಿದ ನೀರು. ಎರಡರಲ್ಲೂ ಕೊನೆಗೆ ಒಣಗಿಸಿ, ಬೇಕಿದ್ದರೆ ನಯವಾದ ಉಪ್ಪುಕಾಗದದಿಂದ ಉಜ್ಜಬೇಕು. ಬರಿಗೈಯಲ್ಲಿ ಬೇಡ.

ಒಂದು ಹಳೆಯ, ಒಂದು ಹೊಸ ಸೆಲ್ಲು ಹಾಕುವ ಮಿತವ್ಯಯ ಸೋರಿಕೆಗೆ ನೇರ ದಾರಿ. ಹಳೆಯದು ಮುಗಿದ ಮೇಲೂ ಹೊಸದು ಅದರೊಳಗೆ ವಿದ್ಯುತ್ತನ್ನು ತಳ್ಳುತ್ತಲೇ ಇರುತ್ತದೆ. ಹಳೆಯದರ ಧ್ರುವ ತಿರುಗುಮುರುಗಾಗಿ, ಅನಿಲ ಹುಟ್ಟಿ, ಒಡೆಯುತ್ತದೆ. ಇನ್ನು ಮುಗಿದ ಸೆಲ್ಲನ್ನು ಬಿಸಿಲಿಗಿಟ್ಟು ಮತ್ತೆ ಹಾಕುವ ಪದ್ಧತಿ. ಅದನ್ನು ಮೂಢನಂಬಿಕೆ ಎನ್ನುವಂತಿಲ್ಲ. ಸಾದಾ ಸೆಲ್ಲು ವಿಶ್ರಾಂತಿ ಸಿಕ್ಕರೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಶಾಖಕ್ಕೆ ಒಳಗಿನ ಕ್ರಿಯೆ ಚುರುಕಾಗುತ್ತದೆ. ಹೊಸ ಶಕ್ತಿ ಮಾತ್ರ ತುಂಬುವುದಿಲ್ಲ, ಮತ್ತು ಆ ಹೊತ್ತಿಗೆ ಸತುವಿನ ಗೋಡೆ ತೀರ ತೆಳುವಾಗಿರುತ್ತದೆ. ರೇಡಿಯೋಗೆ ಆ ಉಪಾಯ ನಡೆದೀತು; ಟಾರ್ಚಿಗೆ ನಾನು ಮಾಡುವುದಿಲ್ಲ.

ಬಿಳಿ ಎಲ್‌ಇಡಿ ಮಾರುಕಟ್ಟೆಗೆ ಬಂದದ್ದು 1996ರಲ್ಲಿ, ಜಪಾನಿನ ನಿಚಿಯಾ ಕಂಪನಿಯಿಂದ. ಅದು ಸರಿಯಾಗಿ ಬೆಳಗಲು ಸುಮಾರು 3 ವೋಲ್ಟು ಬೇಕು. ಎರಡು ಹೊಸ ಸೆಲ್ಲಿಗೆ ಅಷ್ಟೇ ಇರುತ್ತದೆ, ದಿನ ಕಳೆದಂತೆ ಅದಕ್ಕಿಂತ ಕಡಿಮೆಯಾಗುತ್ತದೆ. ವೋಲ್ಟೇಜು ಏರಿಸುವ ಸರ್ಕ್ಯೂಟ್ ಇಲ್ಲದ ಎರಡು ಸೆಲ್ಲಿನ ಎಲ್‌ಇಡಿ ಟಾರ್ಚು, ಸೆಲ್ಲಿನಲ್ಲಿ ಇನ್ನೂ ಬೇಕಾದಷ್ಟು ಸತ್ವವಿರುವಾಗಲೇ ಮಿಣುಕತೊಡಗುವುದು ಇದರಿಂದ. ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಗೋಡೆ ಗಡಿಯಾರದಲ್ಲಿ ತಿಂಗಳುಗಟ್ಟಲೆ ಓಡಿದ ಸೆಲ್ಲುಗಳನ್ನು ಜೇಬಿನಲ್ಲಿ ಒಯ್ದು ಹಾಕಿ ನೋಡಿ. ಸರ್ಕ್ಯೂಟ್ ಇರುವ ಟಾರ್ಚು ಅವುಗಳಲ್ಲೂ ಬೆಳಗುತ್ತದೆ. ಅಂಥದ್ದರಲ್ಲಿ 1.2 ವೋಲ್ಟಿನ ರೀಚಾರ್ಜಬಲ್ ನಿಕಲ್ ಸೆಲ್ಲೂ ನಡೆಯುತ್ತದೆ. ಒಂದು ಆಂಪಿಯರಿನಂಥ ಜೋರು ಎಳೆತಕ್ಕೆ ಆಲ್ಕಲೈನ್ ತನ್ನ ಸಾಮರ್ಥ್ಯದ ಅರ್ಧದಷ್ಟನ್ನೂ ಕೊಡಲು ಹೆಣಗುತ್ತದೆ, ಸಾದಾ ಸೆಲ್ಲು ಕೈಯೆತ್ತಿಬಿಡುತ್ತದೆ. ನಿಕಲ್ ಸೆಲ್ಲು ಹೆಚ್ಚುಕಡಿಮೆ ಪೂರ್ತಿ ಕೊಡುತ್ತದೆ.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವುದಕ್ಕೂ ಸ್ವಲ್ಪ ಲೆಕ್ಕ ಬೇಕು. 2009ರಲ್ಲಿ ರೂಪುಗೊಂಡ ಅಮೆರಿಕದ ಎಫ್‌ಎಲ್1 ಮಾನದಂಡದ ಪ್ರಕಾರ ಬೆಳಕಿನ 'ದೂರ' ಎಂದರೆ ಅದು 0.25 ಲಕ್ಸಿಗೆ ಇಳಿಯುವ ಜಾಗ, ಅಂದರೆ ಹುಣ್ಣಿಮೆಯ ಬೆಳದಿಂಗಳಷ್ಟು. 'ಅವಧಿ' ಎಂದರೆ ಆರಂಭದ ಬೆಳಕು ಹತ್ತನೇ ಒಂದಕ್ಕೆ ಇಳಿಯುವವರೆಗಿನ ಸಮಯ. ಹೀಗಾಗಿ ನೂರು ಮೀಟರ್ ಎಂದು ಬರೆದ ಟಾರ್ಚಿನಲ್ಲಿ ನೂರು ಮೀಟರ್ ದೂರದ ಹಾವು ಕಾಣುವುದಿಲ್ಲ. ಕಾಣಬೇಕಾಗಿಯೂ ಇಲ್ಲ. ಮೂರು ಮೀಟರ್ ಮುಂದೆ ಹತ್ತು ಲಕ್ಸ್ ಬೆಳಕು ಬೀಳಲು 90 ಕ್ಯಾಂಡೆಲಾ ಸಾಕು, ಆ ಮಾನದಂಡದಲ್ಲಿ ಅಂಥ ಟಾರ್ಚಿನ ದೂರ ಬರೀ 19 ಮೀಟರ್. ಅಷ್ಟು ಬೆಳಕು ಬೆಳದಿಂಗಳ ನಲವತ್ತರಷ್ಟು. ನಡೆಯುವವರಿಗೆ ಬೇಕಾದದ್ದು ಕಾಲ ಮುಂದೆ ಅಗಲಕ್ಕೆ ಹರಡುವ ಬೆಳಕು, ತೆಂಗಿನ ಮರದ ತುದಿ ಮುಟ್ಟುವ ಕಿರಣವಲ್ಲ. ನೀರಿನ ವಿಷಯದಲ್ಲಿ ಐಪಿಎಕ್ಸ್4 ಅಂದರೆ ಎರಚಲು ತಡೆಯುತ್ತದೆ. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಮಲೆನಾಡಿಗೆ ಎರಡನೆಯದೇ ಇರಲಿ.

ಸ್ವಿಚ್ಚಿನ ಬಗ್ಗೆ ನನ್ನ ಒಲವು ಸ್ಪಷ್ಟ: ಒತ್ತಿದಾಗ 'ಟಕ್' ಎಂದು ಕೂರುವ, ವಿದ್ಯುತ್ತನ್ನು ನಿಜವಾಗಿ ಕಡಿಯುವ ಸ್ವಿಚ್ಚು. ಮೆತ್ತಗೆ ಒತ್ತುವ ಎಲೆಕ್ಟ್ರಾನಿಕ್ ಗುಂಡಿಯ ಟಾರ್ಚು ಆರಿಸಿದ್ದಾಗಲೂ ಸಣ್ಣಗೆ ವಿದ್ಯುತ್ತು ಕುಡಿಯುತ್ತಿರುತ್ತದೆ. ಕುಡಿಯುವುದು ಒಂದು ಮಿಲಿಆಂಪಿಯರ್ ಆದರೆ 2000 ಮಿಲಿಆಂಪಿಯರ್-ಗಂಟೆಯ ಸೆಲ್ಲು ಮೂರು ತಿಂಗಳೊಳಗೆ ಬರಿದು. ಅಂಥದ್ದೇ ಕೈಯಲ್ಲಿದ್ದರೆ, ಅಲ್ಯೂಮಿನಿಯಂ ಮೈಯ ಮರೆಗೆ ಆನೊಡೈಸ್ ಲೇಪವಿದೆಯೇ ನೋಡಿ. ಆ ಲೇಪ ವಿದ್ಯುತ್ತನ್ನು ಬಿಡುವುದಿಲ್ಲ, ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ ಸಂಪರ್ಕ ತಪ್ಪುತ್ತದೆ.

ತೂಕವೂ ಬಾಳಿಕೆಯ ಪ್ರಶ್ನೆಯೇ. ಆಲ್ಕಲೈನ್ ಡಿ ಸೆಲ್ಲೊಂದು ಸುಮಾರು 140 ಗ್ರಾಂ, ಡಬಲ್ ಎ 23. ಸ್ಪ್ರಿಂಗು ಹಿಂದುಗಡೆ ಮಾತ್ರ ಇರುವ ಟಾರ್ಚು ತಲೆಕೆಳಗಾಗಿ ಸಿಮೆಂಟಿನ ಮೇಲೆ ಬಿದ್ದರೆ ಕಾಲು ಕಿಲೋಗೂ ಮಿಕ್ಕಿದ ಸೆಲ್ಲುಗಳು ಬಲ್ಬಿನ ಬುಡಕ್ಕೆ ಬಂದು ಗುದ್ದುತ್ತವೆ. ಹೀಗಾಗಿ ಹೊಸದಾಗಿ ಕೊಳ್ಳುವುದಾದರೆ ನಾನು ಆರಿಸುವುದು ಎರಡು ಪೆನ್ಸಿಲ್ ಸೆಲ್ಲು ಸಾಲಾಗಿ ಕೂರುವ, ಎರಡೂ ತುದಿಗೆ ಸ್ಪ್ರಿಂಗಿರುವ, ಮರೆಗೆ ರಬ್ಬರ್ ಬಳೆ ಇರುವ, ಒಂದೋ ಎರಡೋ ಹಂತದ ಬೆಳಕಿನ ಅಲ್ಯೂಮಿನಿಯಂ ಟಾರ್ಚು. ಎಸ್‌ಒಎಸ್ ಎಂದು ಮಿನುಗುವ ಮಾದರಿಗಳಿಂದ ಬಾಳಿಕೆಗೆ ಏನೂ ಸಿಗದು. ಅವಸರದಲ್ಲಿ ಅದೇ ಹತ್ತಿಕೊಂಡು ಸಿಟ್ಟು ಬರಿಸುತ್ತದೆ.

ಮನೆಯಲ್ಲಿ ಹಳೆಯ ಹಿತ್ತಾಳೆಯ ದೊಡ್ಡ ಟಾರ್ಚಿದ್ದವರು ಅದನ್ನು ಗುಜರಿಗೆ ಹಾಕುವ ಮುನ್ನ ಒಂದು ಕೆಲಸ ಮಾಡಬಹುದು. ಪಿಆರ್ ಬಲ್ಬಿನ ಅದೇ ಬುಡಕ್ಕೆ ಕೂರುವ ಎಲ್‌ಇಡಿ ಬಲ್ಬುಗಳು ಸಿಗುತ್ತವೆ. ಕೊಳ್ಳುವಾಗ ಅದು ನಡೆಯುವ ವೋಲ್ಟೇಜಿನ ಕೆಳಮಿತಿಯನ್ನು ಕೇಳಿ. ಎರಡು ಸೆಲ್ಲಿನ ಟಾರ್ಚಿಗೆ ಅದು 2 ವೋಲ್ಟಿನ ಆಸುಪಾಸಿನಲ್ಲಿರಬೇಕು. ಹಾಕಿದ ಮೇಲೆ ಹತ್ತದಿದ್ದರೆ ಬಲ್ಬು ಕೆಟ್ಟಿದೆಯೆಂದು ಹಿಂದಿರುಗಿಸಬೇಡಿ. ತಂತಿ ಬಲ್ಬಿಗೆ ಸೆಲ್ಲು ಯಾವ ದಿಕ್ಕಿಗಿದ್ದರೂ ನಡೆಯುತ್ತಿತ್ತು, ಎಲ್‌ಇಡಿಗೆ ನಡೆಯುವುದಿಲ್ಲ. ಸೆಲ್ಲುಗಳನ್ನು ಹೊರತೆಗೆದು, ಮೂಗು ಬಲ್ಬಿನ ಕಡೆಗೆ ಬರುವಂತೆ ತಿರುಗಿಸಿ ಹಾಕಿ ನೋಡಿ.