ಲೇತ್ ಯಂತ್ರದ ಗುರುಪರಂಪರೆ

1966ನೆಯ ಇಸವಿಯ ಮಳೆಗಾಲದಲ್ಲಿ, ಧಾರವಾಡದಿಂದ ಬಂದ ಹದಿನೆಂಟರ ಹುಡುಗನಾಗಿ, ನಾನು ಮುಂಬಯಿಯ ಒಂದು ಯಂತ್ರ ಕಾರ್ಖಾನೆಯಲ್ಲಿ ಅಪ್ರೆಂಟಿಸನಾಗಿ ಸೇರಿದೆನು. ಲೇತಿನ ಮುಂದೆ ನಿಂತು ಉಕ್ಕಿನ ಸುರುಳಿಗಳನ್ನು ಹಾರಿಸುವೆನೆಂಬ ನನ್ನ ಕನಸು ಮೊದಲ ದಿನವೇ ಮಣ್ಣುಗೂಡಿತು. ಮೇಸ್ತ್ರಿಯವರು ನನ್ನ ಕೈಗೆ ಒಂದು ಅರವನ್ನೂ ಒಂದು ಕಬ್ಬಿಣದ ತುಂಡನ್ನೂ ಕೊಟ್ಟು, ಆರು ಮೈಗಳೂ ಸಮತಟ್ಟಾಗಿ, ಮೂಲೆಮಟ್ಟವಿಟ್ಟರೆ ಬೆಳಕು ನುಸುಳದಂತೆ ಆಗುವವರೆಗೆ ಉಜ್ಜಬೇಕೆಂದು ಹೇಳಿ ಹೊರಟುಹೋದರು. ಆರು ವಾರ ಉಜ್ಜಿದೆನು. ಒಂದು ಮೈ ಸರಿಹೋದರೆ ಮತ್ತೊಂದು ವಾಲುತ್ತಿತ್ತು. ಅದನ್ನು ತಿದ್ದುವಷ್ಟರಲ್ಲಿ ತುಂಡೇ ಸಣ್ಣದಾಗುತ್ತಿತ್ತು. ಅಂಗೈ ಬೊಬ್ಬೆಯೆದ್ದು, ರಾತ್ರಿ ಖೋಲಿಯಲ್ಲಿ ಅನ್ನ ಕಲಸಲೂ ಆಗುತ್ತಿರಲಿಲ್ಲ. ಇಂಥ ಪಾಠವನ್ನು ಯಾವ ಪುಣ್ಯಾತ್ಮನು ಕಂಡುಹಿಡಿದನೋ ಎಂದು ಅಂದು ಶಪಿಸಿದ್ದುಂಟು. ಆ ಪುಣ್ಯಾತ್ಮನ ವಂಶವೃಕ್ಷವನ್ನು ಅರಸಿ ಓದುವ ಬಿಡುವು ದೊರೆತದ್ದು ನಿವೃತ್ತಿಯ ತರುವಾಯ. ಹಾಗೆ ಓದಿ ತಿಳಿದುದನ್ನು ಸಂಘದ ಬಾಂಧವರ ಮುಂದೆ ಇಡುತ್ತಿದ್ದೇನೆ.

ಸಂಗೀತಗಾರರು ತಮ್ಮ ಗುರುಪರಂಪರೆಯನ್ನು ಹೇಳಿಕೊಳ್ಳುವಂತೆ ಯಂತ್ರ ಕೆಲಸಗಾರರೂ ಹೇಳಿಕೊಳ್ಳಹೊರಟರೆ, ಅವರಲ್ಲಿ ಬಹುಮಂದಿಯ ದಾರಿ ಲಂಡನ್ನಿನ ಒಂದೇ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಆ ಮನೆಯ ಯಜಮಾನನು ಹೆನ್ರಿ ಮಾಡ್ಸ್‌ಲೆ. 1771ರಲ್ಲಿ ವುಲಿಚ್ ಎಂಬಲ್ಲಿ ಹುಟ್ಟಿದವನು. ತಂದೆ ಸೈನ್ಯದಲ್ಲಿ ಗಾಡಿಯ ಗಾಲಿ ಮಾಡುವ ಬಡಗಿಯಾಗಿದ್ದು, ಗಾಯಗೊಂಡ ಬಳಿಕ ವುಲಿಚ್ಚಿನ ಸರಕಾರಿ ಆಯುಧಾಗಾರದಲ್ಲಿ ನೌಕರನಾದವನು. ಮಗನು ಹನ್ನೆರಡನೆಯ ವಯಸ್ಸಿಗೆ ಅದೇ ಆಯುಧಾಗಾರದಲ್ಲಿ ತೋಟಾಗಳಿಗೆ ಮದ್ದು ತುಂಬುವ ಕೆಲಸಕ್ಕೆ ನಿಂತನು. ಎರಡು ವರ್ಷದ ಮೇಲೆ ಬಡಗಿಸಾಲೆಗೆ ಹಾಕಿದರು. ಆದರೆ ಹುಡುಗನ ಕಣ್ಣೆಲ್ಲ ಪಕ್ಕದ ಕಮ್ಮಾರಸಾಲೆಯ ಮೇಲೆ. ಕಡೆಗೆ ಅವನನ್ನು ಕುಲುಮೆಗೇ ಕಳುಹಿಸಿದರು. ಅರ ಹಿಡಿದರೆ ಅವನ ಸಮಾನರಿಲ್ಲವೆಂಬ ಮಾತು ಬಲುಬೇಗ ಹಬ್ಬಿತು.

ಆ ಕಾಲದಲ್ಲಿ ಜೋಸೆಫ್ ಬ್ರಾಮಾ ಎಂಬವನು ಲಂಡನ್ನಿನಲ್ಲಿ ಹೊಸಬಗೆಯ ಬೀಗವೊಂದನ್ನು ರಚಿಸಿ, 1784ರಲ್ಲಿ ಅದಕ್ಕೆ ಪೇಟೆಂಟು ಪಡೆದಿದ್ದನು. ಬೀಗವೇನೋ ಅದ್ಭುತವಾದುದು, ಆದರೆ ಅದರ ಒಳಭಾಗಗಳನ್ನು ಒಂದರಂತೆ ಇನ್ನೊಂದನ್ನು ನಿಖರವಾಗಿ ಮಾಡಬಲ್ಲ ಕೈಗಳೇ ಸಿಕ್ಕದೆ ಹೋದುವು. ಯಾರೋ ಮಾಡ್ಸ್‌ಲೆಯ ಹೆಸರು ಹೇಳಿದರು. ಕರೆಯಿಸಿದರೆ ಬಂದವನು ಹದಿನೆಂಟರ ಎಳೆಯ ಹುಡುಗ! ಅಲ್ಲದೆ, 1563ರ ಇಂಗ್ಲೆಂಡಿನ ಕಾಯಿದೆಯೊಂದರ ಪ್ರಕಾರ ಕಸಬುದಾರನೆನಿಸಿಕೊಳ್ಳಲು ಏಳು ವರ್ಷ ಒಬ್ಬ ಒಡೆಯನ ಬಳಿ ಕರಾರಿನಂತೆ ದುಡಿದು ಕಲಿತಿರಬೇಕಾಗಿತ್ತು. ಮಾಡ್ಸ್‌ಲೆಯ ಹತ್ತಿರ ಅಂಥ ಕರಾರುಪತ್ರ ಯಾವುದೂ ಇರಲಿಲ್ಲ. ಬ್ರಾಮಾನ ಅಂಗಡಿಯ ಕೆಲಸಗಾರರು ಅವನನ್ನು ತಮ್ಮವನೆಂದು ಒಪ್ಪುವುದು ಹೇಗೆ?

ಆಗ ಹುಡುಗನೇ ದಾರಿ ತೋರಿದನೆಂದು ಅವನ ಚರಿತ್ರಕಾರರು ಬರೆದಿದ್ದಾರೆ. ಅಂಗಡಿಯ ಮೇಜಿನ ಮೇಲೆ ಸವೆದುಹೋದ ಹಳೆಯ ವೈಸೊಂದಿತ್ತು. ಸಂಜೆ ಆರು ಗಂಟೆಯೊಳಗೆ ಅದನ್ನು ಹೊಸದರಂತೆ ಮಾಡಿಕೊಟ್ಟರೆ ಸೇರಿಸಿಕೊಳ್ಳುವಿರಾ ಎಂದು ಕೇಳಿದನು. ಒಪ್ಪಿದರು. ಅದರ ದವಡೆಗಳಿಗೆ ಹೊಸ ಉಕ್ಕನ್ನು ಬೆಸೆದು, ಅರದಿಂದ ಹಲ್ಲು ಕೊರೆದು, ಕಾಸಿ ನೀರುಕೊಟ್ಟು, ಉಳಿದ ಭಾಗಗಳನ್ನೂ ತಿಕ್ಕಿ ಹೊಳೆಯಿಸಿ, ಗಂಟೆ ಹೊಡೆಯುವ ಮೊದಲೇ ತಂದಿರಿಸಿದನು. ನೋಡಿದವರು ಮರುಮಾತಾಡಲಿಲ್ಲ. ಒಂದು ವರ್ಷದೊಳಗೆ ಅವನೇ ಅಲ್ಲಿಯ ಮೇಲ್ವಿಚಾರಕನಾದನು.

ಬ್ರಾಮಾನ ಬೀಗವು ಬಹುಕಾಲ ಅಂಗಡಿಯ ಕಿಟಕಿಯಲ್ಲಿ ತೂಗುತ್ತಿತ್ತು. ತೆರೆದವರಿಗೆ 200 ಗಿನಿ ಬಹುಮಾನವೆಂಬ ಸವಾಲೂ ಅದರೊಡನೆ ಇತ್ತು. 1851ರಲ್ಲಿ ಹಾಬ್ಸ್ ಎಂಬ ಅಮೆರಿಕನನು 16 ದಿನಗಳಲ್ಲಿ ಒಟ್ಟು 51 ಗಂಟೆ ಹೆಣಗಿ ಅದನ್ನು ತೆರೆದನು. ಅಷ್ಟು ಬಿಗಿಯಾದ ಬೀಗವನ್ನು ಮಾಡಿಕೊಟ್ಟ ಮಾಡ್ಸ್‌ಲೆಗೆ ದೊರೆಯುತ್ತಿದ್ದುದು ವಾರಕ್ಕೆ 30 ಷಿಲ್ಲಿಂಗ್. ಹೆಂಡತಿ ಮಕ್ಕಳು ಇದ್ದರು. ಸಂಬಳ ಹೆಚ್ಚಿಸಿರೆಂದು 1797ರಲ್ಲಿ ಕೇಳಿದನು, ಬ್ರಾಮಾ ಒಲ್ಲೆನೆಂದನು, ಮಾಡ್ಸ್‌ಲೆ ಹೊರನಡೆದು ಆಕ್ಸ್‌ಫರ್ಡ್ ಬೀದಿಯ ಹತ್ತಿರ ತನ್ನದೇ ಸಣ್ಣ ಕಾರ್ಖಾನೆಯನ್ನು ತೆರೆದನು. ಕೆಲವು ಷಿಲ್ಲಿಂಗುಗಳನ್ನು ಉಳಿಸಹೋಗಿ ಎಂಥ ಕೈಯನ್ನು ಕಳೆದುಕೊಂಡೆನೆಂಬುದು ಬ್ರಾಮಾನಿಗೆ ಮುಂದೆ ಹೊಳೆದಿದ್ದಿರಬಹುದು.

ಮಾಡ್ಸ್‌ಲೆಯ ಹೆಸರು ಅಂಟಿಕೊಂಡಿರುವುದು ಲೇತಿಗೆ. ಅದುವರೆಗೆ ಸಾಮಾನ್ಯ ಕಾರ್ಖಾನೆಗಳಲ್ಲಿ ಕೆಲಸಗಾರನು ಉಳಿಯನ್ನು ಕೈಯಲ್ಲೇ ಒತ್ತಿಹಿಡಿದು, ತಿರುಗುವ ಲೋಹವನ್ನು ಕೊರೆಯುತ್ತಿದ್ದನು. ಕೈ ನಡುಗಿದರೆ ಕೆಲಸ ಕೆಟ್ಟಿತು. ಉಳಿಯನ್ನು ಜಾರುಪೀಠದ ಮೇಲೆ ಬಿಗಿದು, ಆ ಪೀಠವನ್ನು ಉದ್ದನೆಯ ಸ್ಕ್ರೂವಿನಿಂದ ನಡೆಯಿಸುವ ಲೇತನ್ನು ಮಾಡ್ಸ್‌ಲೆ 1800ರ ಸುಮಾರಿಗೆ ಸಿದ್ಧಪಡಿಸಿದನು. ಈ ಯೋಚನೆ ಅವನೊಬ್ಬನದೇ ಎನ್ನುವುದು ತಪ್ಪು. ಫ್ರಾನ್ಸಿನ ವೋಕಾನ್ಸನ್, ಇಂಗ್ಲೆಂಡಿನ ರಾಮ್ಸ್‌ಡೆನ್ ಮೊದಲಾದವರು ಮೊದಲೇ ಇಂಥವನ್ನು ಮಾಡಿದ್ದರು. ಆದರೆ ಅದನ್ನು ಪೂರಾ ಲೋಹದಲ್ಲಿ ಗಟ್ಟಿಯಾಗಿ ಕಟ್ಟಿ, ದಿನದ ದುಡಿಮೆಗೆ ಒಗ್ಗಿಸಿದ ಕೀರ್ತಿ ಅವನದು. ಅವನು ಕೊರೆದ ಸ್ಕ್ರೂವೊಂದು 5 ಅಡಿ ಉದ್ದ, 2 ಅಂಗುಲ ದಪ್ಪ. ಅಂಗುಲಕ್ಕೆ 50 ಸುತ್ತು. ಅದರ ನಟ್ಟೇ 12 ಅಂಗುಲ ಉದ್ದವಿದ್ದು, ಒಳಗೆ 600 ಸುತ್ತುಗಳಿದ್ದುವು. ಒಂದು ಸುತ್ತಿನಲ್ಲಿ ತಪ್ಪಿದ್ದರೂ ನಟ್ಟು ಮುಂದಕ್ಕೆ ಹೋಗದು. ಮೇಜಿನ ಮೇಲೆ ಅವನೇ ಮಾಡಿದ ಮೈಕ್ರೋಮೀಟರೊಂದು ಇರುತ್ತಿತ್ತು. ಅಳತೆಯಲ್ಲಿ ಜಗಳ ಬಂದರೆ ಅದರದೇ ಕಡೆಯ ತೀರ್ಪು. ಆದುದರಿಂದ ಅದಕ್ಕೆ ದೇಶದ ಅತ್ಯುಚ್ಚ ನ್ಯಾಯಾಧಿಕಾರಿಯಾದ ‘ಲಾರ್ಡ್ ಚಾನ್ಸೆಲರ್’ ಎಂಬ ಹೆಸರನ್ನೇ ಇಟ್ಟಿದ್ದರು.

ನನ್ನ ಕಬ್ಬಿಣದ ತುಂಡಿನ ಮೂಲವೂ ಅಲ್ಲಿಯೇ. ಮಾಡ್ಸ್‌ಲೆಯ ಕೆಲಸಗಾರರ ಮೇಜುಗಳ ಮೇಲೆ ಸಮತಟ್ಟಾದ ಲೋಹಫಲಕಗಳಿರುತ್ತಿದ್ದುವು. ಅರ ಹಾಕಿದ ಮೈಯನ್ನು ಅವುಗಳ ಮೇಲೆ ಉಜ್ಜಿ ಪರೀಕ್ಷಿಸಬೇಕು. ಆದರೆ ಮೊದಲ ಸಮತಟ್ಟನ್ನು ಪರೀಕ್ಷಿಸುವುದು ಯಾವುದರಿಂದ? ಎರಡು ಫಲಕಗಳನ್ನು ಒಂದಕ್ಕೊಂದು ಹೊಂದಿಸಿದರೆ ಸಾಲದು. ಒಂದು ಉಬ್ಬಿ, ಇನ್ನೊಂದು ತಗ್ಗಿದ್ದರೂ ಅವು ಕೂಡುತ್ತವೆ. ಮೂರು ಫಲಕಗಳಿದ್ದು, ಯಾವ ಎರಡನ್ನು ಕೂಡಿಸಿದರೂ ಪೂರ್ತಿ ಹೊಂದುವುದಾದರೆ ಮಾತ್ರ ಮೂರೂ ಸಮತಟ್ಟು. ಈ ವಿಧಾನವನ್ನು 1840ರಲ್ಲಿ ವಿದ್ವಾಂಸರ ಸಭೆಯ ಮುಂದೆ ವಿವರಿಸಿದವನು ಜೋಸೆಫ್ ವಿಟ್‌ವರ್ತ್. 1825ರಲ್ಲಿ ಮಾಡ್ಸ್‌ಲೆಯ ಬಳಿ ಕೆಲಸಕ್ಕೆ ಸೇರಿದ್ದವನು. ಅಂಗುಲದ ಹತ್ತು ಲಕ್ಷದ ಒಂದಂಶವನ್ನು ಅಳೆಯುವ ಯಂತ್ರವನ್ನು ಇವನು 1851ರ ಮಹಾಪ್ರದರ್ಶನದಲ್ಲಿ ಇರಿಸಿದನು. ಕಾರ್ಖಾನೆಗೊಂದು ಬಗೆಯಿದ್ದ ಸ್ಕ್ರೂ ಸುತ್ತುಗಳನ್ನೆಲ್ಲ ತರಿಸಿ ನೋಡಿ, 55 ಡಿಗ್ರಿ ಕೋನದ ಒಂದೇ ಮಾದರಿಯನ್ನು 1841ರಲ್ಲಿ ಸೂಚಿಸಿದವನೂ ಇವನೇ. ನಾನು ಅಪ್ರೆಂಟಿಸನಾಗಿದ್ದಾಗ ದೇಶದಲ್ಲಿ ಮೆಟ್ರಿಕ್ ಪದ್ಧತಿ ಬಂದಿದ್ದರೂ, ಹಳೆಯ ಯಂತ್ರಗಳ ಬೋಲ್ಟುಗಳೆಲ್ಲ ವಿಟ್‌ವರ್ತನವೇ. ಎರಡು ಜೊತೆ ಸ್ಪ್ಯಾನರುಗಳನ್ನು ಹೊತ್ತು ತಿರುಗಿ, ತಪ್ಪಿದ್ದನ್ನು ಹಾಕಿ ಬೋಲ್ಟಿನ ತಲೆ ಸವೆಯಿಸಿ, ಬೈಗುಳ ತಿಂದಿದ್ದೇನೆ.

ಮಾಡ್ಸ್‌ಲೆಯ ಕೈಕೆಳಗೆ ಪಳಗಿದವರಲ್ಲಿ ಇನ್ನಿಬ್ಬರು ಜೋಸೆಫ್ ಕ್ಲೆಮೆಂಟ್ ಮತ್ತು ರಿಚರ್ಡ್ ರಾಬರ್ಟ್ಸ್. ಗಣಕಯಂತ್ರದ ಕನಸು ಕಂಡ ಬ್ಯಾಬೇಜನಿಗೆ ಬಿಡಿಭಾಗಗಳನ್ನು ಮಾಡಿಕೊಟ್ಟವನು ಕ್ಲೆಮೆಂಟ್. ತಾನಾಗಿ ನಡೆಯುವ ನೂಲಿನ ಯಂತ್ರವನ್ನು ಕೊಟ್ಟವನು ರಾಬರ್ಟ್ಸ್. ಆದರೆ ನನ್ನ ಮನಸ್ಸು ನಿಲ್ಲುವುದು ಜೇಮ್ಸ್ ನಾಸ್ಮಿತ್‌ನ ಬಳಿ.

1829ರಲ್ಲಿ, ಇಪ್ಪತ್ತರ ಹರೆಯದ ನಾಸ್ಮಿತ್ ಚಿತ್ರಕಾರನಾದ ತನ್ನ ತಂದೆಯೊಡನೆ ಎಡಿನ್‌ಬರೋದಿಂದ ಹಡಗಿನಲ್ಲಿ ಲಂಡನ್ನಿಗೆ ಬಂದನು. ಮಾಡ್ಸ್‌ಲೆ ಮೊದಲೇ ಸ್ಪಷ್ಟವಾಗಿ ಹೇಳಿಬಿಟ್ಟನು: ಹಣ ಕಟ್ಟಿ ಕಲಿಯಬರುವ ದೊಡ್ಡಮನೆಯ ಮಕ್ಕಳನ್ನು ಇನ್ನು ಸೇರಿಸಿಕೊಳ್ಳುವುದಿಲ್ಲ, ಅವರು ಕೈಗೆ ಗವುಸು ಹಾಕಿಕೊಂಡು, ಮನಬಂದಾಗ ಬಂದು, ಉಳಿದವರನ್ನೂ ಕೆಡಿಸುತ್ತಾರೆ. ಕಾರ್ಖಾನೆ ನೋಡುತ್ತ ನಡೆಯುವಾಗ ಬಾಯ್ಲರಿನ ಬೂದಿ ಎಳೆಯುತ್ತಿದ್ದವನನ್ನು ಕಂಡು, ಆ ಕೆಲಸ ಕೊಟ್ಟರೂ ಸಾಕೆಂದನು ನಾಸ್ಮಿತ್. ಮುದುಕನ ಮನಸ್ಸು ಕರಗಿತು. ಮರುದಿನ ಹುಡುಗನು ತಾನೇ ಮಾಡಿದ ಚಿಕ್ಕ ಉಗಿಯಂತ್ರವನ್ನೂ ನಕ್ಷೆಗಳನ್ನೂ ತಂದು ತೋರಿಸಿದನು. ಅವನ್ನು ಪರೀಕ್ಷಿಸಿ ನೋಡಿದ ಮಾಡ್ಸ್‌ಲೆ, ಇವನಿಗೆ ಅಪ್ರೆಂಟಿಸಿನ ಅಗತ್ಯವೇ ಇಲ್ಲವೆಂದು ತನ್ನ ಸ್ವಂತ ಕೆಲಸದ ಕೋಣೆಯಲ್ಲಿ ಸಹಾಯಕನನ್ನಾಗಿ ಇಟ್ಟುಕೊಂಡನು. ವಾರಕ್ಕೆ 10 ಷಿಲ್ಲಿಂಗ್.

ಇನ್ನು ಮುಂದೆ ತಂದೆಯಿಂದ ಒಂದು ಕಾಸನ್ನೂ ಪಡೆಯಲಾರೆನೆಂದು ನಾಸ್ಮಿತ್ ನಿಶ್ಚಯಿಸಿದ್ದನು. ಖಾನಾವಳಿಯ ಊಟ ಈ ಸಂಬಳಕ್ಕೆ ನಿಲುಕದು. ಆದುದರಿಂದ ಎಣ್ಣೆದೀಪದ ಮೇಲೆ ಮೆಲ್ಲನೆ ಬೇಯಿಸುವ ತಗಡಿನ ಪಾತ್ರೆಯೊಂದನ್ನು ತಾನೇ ಯೋಚಿಸಿ ಮಾಡಿಸಿಕೊಂಡು, ಅದರಲ್ಲಿ ಅಡಿಗೆ ಬೇಯಿಸಿಕೊಂಡು ಉಂಡನು. ಹಗಲು ಹೋಟೆಲಿನಲ್ಲೋ ಕಾರ್ಖಾನೆಯಲ್ಲೋ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಓದಿ, ಸ್ಟವ್ವಿನ ಮೇಲೆ ಅನ್ನವಿಟ್ಟುಕೊಂಡು ಬದುಕಿದ ನಮ್ಮ ತಲೆಮಾರಿನವರಿಗೆ ಈ ಪಾತ್ರೆಯ ರುಚಿಯನ್ನು ಯಾರೂ ವಿವರಿಸಬೇಕಾಗಿಲ್ಲ. ಮುಂದೆ ಉಗಿಸುತ್ತಿಗೆಯನ್ನು ಯೋಚಿಸಿ 1842ರಲ್ಲಿ ಪೇಟೆಂಟು ಪಡೆದ ಪ್ರಸಿದ್ಧ ಎಂಜಿನಿಯರನು ಇವನೇ.

ಇಲ್ಲಿಯವರೆಗೆ ಕಥೆ ಸೊಗಸಾಗಿದೆ. ಆದರೆ ಇದಕ್ಕೊಂದು ಇನ್ನೊಂದು ಮಗ್ಗುಲಿದೆ. ಬ್ರುನೆಲ್ ಎಂಬ ಎಂಜಿನಿಯರನ ಯೋಜನೆಯಂತೆ ಮಾಡ್ಸ್‌ಲೆ ಪೋರ್ಟ್ಸ್‌ಮತ್ ಬಂದರಿಗೆ ಹಡಗಿನ ಹಗ್ಗದ ರಾಟೆಗಳನ್ನು ತಯಾರಿಸುವ ಯಂತ್ರಗಳನ್ನು ಕಟ್ಟಿಕೊಟ್ಟನು. 1808ರ ಹೊತ್ತಿಗೆ ಅವು ವರ್ಷಕ್ಕೆ 1,30,000 ರಾಟೆಗಳನ್ನು ಕೊಡುತ್ತಿದ್ದುವು. 110 ಮಂದಿ ಕುಶಲಿಗಳ ಕೆಲಸಕ್ಕೆ ಕಸಬರಿಯದ 10 ಮಂದಿ ಸಾಕಾಯಿತು. ಎಲ್ಲ ಪುಸ್ತಕಗಳೂ ಇದನ್ನು ವಿಜಯವೆಂದೇ ಬರೆಯುತ್ತವೆ. ಉಳಿದ ನೂರು ಮಂದಿಯ ಮಾತೇನು ಎಂದು ಕೇಳುವವರು ವಿರಳ. 1814ರಲ್ಲಿ ಏಳು ವರ್ಷದ ಕಡ್ಡಾಯವೂ ರದ್ದಾಯಿತು. 1851ರಲ್ಲಿ ಯಂತ್ರ ಕೆಲಸಗಾರರು ದೊಡ್ಡ ಸಂಘ ಕಟ್ಟಿಕೊಂಡರು; 1852ರ ಆರಂಭದಲ್ಲಿ ಮಾಲೀಕರು ಕಾರ್ಖಾನೆಗಳ ಬಾಗಿಲು ಮುಚ್ಚಿ, ಅವರು ಸೋತು ಮರಳುವವರೆಗೆ ತೆರೆಯಲಿಲ್ಲ. ಅಪ್ರೆಂಟಿಸಾಗಿ ಕಲಿತವರಿಗೇ ಯಂತ್ರವೆಂದು ಕೆಲಸಗಾರರು. ಚುರುಕಾದ ಹುಡುಗ ಯಾರಾದರೂ ಸಾಕೆಂದು ನಾಸ್ಮಿತ್‌ನಂಥ ಮಾಲೀಕರು. ಹತ್ತು ಷಿಲ್ಲಿಂಗಿನಲ್ಲಿ ಬದುಕಿದವನೇ ಹೀಗೆ ಆ ಕಡೆ ನಿಂತದ್ದು ನನಗೆ ನೋವಿನ ಸಂಗತಿ. ಆದರೂ ಏಳು ವರ್ಷದ ಪತ್ರವನ್ನೇ ಹಿಡಿದು ಕುಳಿತಿದ್ದರೆ ಮಾಡ್ಸ್‌ಲೆಗೆ ಆ ವೈಸ್ ಮುಟ್ಟುವ ಅವಕಾಶವೂ ದೊರೆಯುತ್ತಿರಲಿಲ್ಲ. ಎರಡು ಕಡೆಯ ಮಾತನ್ನೂ ತೂಗಿ ನೋಡಿ ನಾನು ಸೋತಿದ್ದೇನೆ.

ಈ ಪರಂಪರೆ ನಮ್ಮ ಮುಂಬಯಿಗೆ ಬಂದದ್ದೂ ಬೇಗನೆ. ಇಲ್ಲಿಯ ಹಡಗುಕಟ್ಟೆಯಲ್ಲಿ 1829ರಲ್ಲಿ ನಿರ್ಮಿಸಿದ ‘ಹ್ಯೂ ಲಿಂಡ್ಸೆ’ ಉಗಿಹಡಗಿಗೆ ಮಾಡ್ಸ್‌ಲೆಯ ಕಾರ್ಖಾನೆಯ ಎಂಜಿನ್ನುಗಳನ್ನೇ ಕೂರಿಸಿದ್ದರು. 1830ರ ಮಾರ್ಚಿಯಲ್ಲಿ ಅದು ಸೂಯೆಜಿಗೆ ಹೊರಟಿತು. ಇಂಥ ಯಂತ್ರಗಳನ್ನು ತೆರೆದು ನೋಡಿ ಕಲಿತ ಪೀಳಿಗೆಯ ಅರ್ದೇಶೀರ್ ಕರ್ಸೆಟ್‌ಜಿ ವಾಡಿಯಾ 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಪಡೆದ ಮೊದಲ ಭಾರತೀಯನಾಗಿ, ಮುಂಬಯಿಯ ಉಗಿಯಂತ್ರ ಕಾರ್ಖಾನೆಯ ಮುಖ್ಯ ಎಂಜಿನಿಯರನಾದನು. ಬೆಂಗಳೂರಿನಲ್ಲಿ ನಮ್ಮವರೇ ಲೇತುಗಳನ್ನು ಮಾಡಲು ಹಿಂದುಸ್ತಾನ್ ಮಷೀನ್ ಟೂಲ್ಸ್ ಸ್ಥಾಪನೆಯಾದುದು 1953ರಲ್ಲಿ; ನನ್ನಂಥವರಿಗೆ ಬಾಗಿಲು ತೆರೆದ ಅಪ್ರೆಂಟಿಸರ ಕಾಯಿದೆ ಬಂದುದು 1961ರಲ್ಲಿ.

ಆರು ವಾರ ಉಜ್ಜಿದ ಆ ತುಂಡನ್ನು ಮೇಸ್ತ್ರಿಯವರು ಮೂಲೆಮಟ್ಟವಿಟ್ಟು ನೋಡಿ, ಏನನ್ನೂ ಹೇಳದೆ ನನಗೇ ಹಿಂದಿರುಗಿಸಿದರು. ಮರುದಿನ ಲೇತಿನ ಬಳಿ ನಿಲ್ಲಿಸಿದರು. ಅದರ ಒಂದು ಮೈ ಇಂದಿಗೂ ಕೂದಲೆಳೆಯಷ್ಟು ವಾಲಿದೆ. ಫ್ಯಾನಿನ ಗಾಳಿಗೆ ಈ ಹಾಳೆಗಳು ಹಾರದಂತೆ ಈಗ ಅದನ್ನೇ ಮೇಲಿಟ್ಟಿದ್ದೇನೆ.